ನೂರೆಂಟಕ್ಕೆ ಬಗ್ಗದ ಲಕ್ಷ

ಮಕ್ಕಳೇ, ಈ ಸಲ ದೀಪಾವಳಿಗೆ ರಾಣೇಬೆನ್ನೂರಿನ ದೊಡ್ಡ ಮನೆಗೆ ಹೋಗಿ ಬಂದ ಮೇಲೆ ನೀವಿಬ್ಬರೂ ನನ್ನನ್ನು ಒಂದು ಮಾತು ಕೇಳಿದಿರಿ. ‘ಆಯಿ, ನೀನು ಲೆಕ್ಕ ಹೇಳಿ ದೇವರ ಹರಕೆ ಕೆಡಿಸಿದ್ದೆಯಂತೆ, ಖರೇನಾ?’ ನಾನು ಒಳಗೆ ಹೋಗಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತೆ. ನಾಲ್ಕು ಜನರ ಮುಂದೆ ನಿಂತರೆ ನನಗೆ ನಾಲಿಗೆ ಏಳುವುದಿಲ್ಲ, ನಿಮ್ಮಿಬ್ಬರ ಮುಂದೆ ಕೂಡ. ಬರೆಯುವುದಾದರೆ ಬರೆಯಬಲ್ಲೆ. ಹೊಳೆ ದಂಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಅಕ್ಷರ ಇನ್ನೂ ದುಂಡಗಿವೆ.

ನಿಮಗೆ ಆ ಕಥೆ ಹೇಳಿದವಳು ದೊಡ್ಡಾಯಿ. ಅವಳು ನನ್ನ ನೆಗೆಣ್ಣಿ, ಅಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಅವಳ ಬಗ್ಗೆ ನಾನು ಒಳ್ಳೆಯ ಮಾತು ಬರೆಯುತ್ತೇನೆಂದು ಕಾಯಬೇಡಿರಿ. ಅವಳಿಗೆ ನಾನು ಸೇರುತ್ತಿರಲಿಲ್ಲ, ನನಗೆ ಅವಳು ಸೇರುತ್ತಿರಲಿಲ್ಲ, ಈಗಲೂ ಇಲ್ಲ. ವಯಸ್ಸಾದ ಮೇಲೆ ಎಲ್ಲವೂ ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಅರವತ್ತು ದಾಟಿ ವರ್ಷಗಳಾದವು, ಆಗಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷ. ನಾನು, ನನ್ನ ಮಗಳು ಅಂದರೆ ನಿಮ್ಮವ್ವ, ನನ್ನ ಅತ್ತೆ, ನೆಗೆಣ್ಣಿ, ಅವಳ ಗಂಡ, ಇಷ್ಟು ಜನ ರಾಣೇಬೆನ್ನೂರಿನ ಆ ಒಂದೇ ಮನೆಯಲ್ಲಿದ್ದೆವು. ನಿಮ್ಮವ್ವ ಆಗ ಹತ್ತನೆಯ ತರಗತಿ. ಮನೆಯ ಯಜಮಾನಿಕೆ ಅತ್ತೆಯದು, ಬಾಯಿ ನೆಗೆಣ್ಣಿಯದು. ಒಲೆ, ಕಸ, ನೀರು ನನ್ನವು.

ನೆಗೆಣ್ಣಿಯ ಮಗಳನ್ನು ಹಾವೇರಿಗೆ ಕೊಟ್ಟಿದ್ದರು. ಆ ಹುಡುಗಿಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದು ನಿಂತಿದೆ ಎಂದು ಆಷಾಢದಲ್ಲಿ ಸುದ್ದಿ ಬಂದಾಗ ನೆಗೆಣ್ಣಿ ಓಣಿಯ ಈಶ್ವರ ಗುಡಿಗೆ ಲಕ್ಷ ಬತ್ತಿ ಹರಕೆ ಹೊತ್ತಳು. ಕಾರ್ತಿಕದ ಕೊನೆಯ ಸೋಮವಾರ ಒಂದು ಲಕ್ಷ ಅರಳೆಯ ಬತ್ತಿಗಳನ್ನು ಎಣ್ಣೆಯಲ್ಲಿ ನೆನೆಸಿ ದೇವರ ಮುಂದೆ ಉರಿಸುವುದು. ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅವಳು ನನ್ನ ಕೈಯಲ್ಲೇ ಬೆಳೆದವಳು. ಇದನ್ನು ಬರೆದಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಲಕ್ಷ ಎಂದು ಬಾಯಿಂದ ಹೇಳುವುದು ಸುಲಭ. ಹೊಸೆಯುವವರಿಗೆ ಗೊತ್ತು. ನೆಗೆಣ್ಣಿ ಅದನ್ನು ಎರಡು ಪಾಲು ಮಾಡಿದಳು. ಅರ್ಧ ಬ್ಯಾಡಗಿಯಲ್ಲಿ ಅವಳ ತವರುಮನೆಗೆ, ಅರ್ಧ ನನಗೆ. ಅವಳ ಪಾಲಿಗೆ ಹರಕೆ. ವಿಧವೆ ಬತ್ತಿ ಹೊಸೆಯಬಹುದು, ಹಚ್ಚಬಾರದು ಎಂದು ನನಗೆ ಕೇಳುವಂತೆ ಅತ್ತೆಗೆ ಹೇಳಿದಳು. ಗುಡಿಯ ಅಯ್ಯನವರು ಹಾಗೇನೂ ಹೇಳಿರಲಿಲ್ಲ.

ಅವಳದೇ ಇನ್ನೊಂದು ಕಟ್ಟಳೆ ಇತ್ತು. ಬತ್ತಿಗಳನ್ನು ಬಿಡಿಯಾಗಿ ಇಡಬಾರದು, ನೂರಾ ಎಂಟರ ಒಂದೊಂದು ಕಟ್ಟು ಕಟ್ಟಬೇಕು, ನೂರಾ ಎಂಟು ಶುಭ, ಕೊನೆಗೆ ಒಂದೂ ಬಿಡಿ ಬತ್ತಿ ಉಳಿಯಬಾರದು, ಸರಿಯಾಗಿ ಲಕ್ಷ ಆಗಬೇಕು. ಅದನ್ನು ಕೇಳಿದ ಕೂಡಲೆ ನನಗೆ ಗೊತ್ತಾಯಿತು, ಇದು ಆಗದ ಕೆಲಸ.

ಹೇಗೆ ಗೊತ್ತಾಯಿತು ಎಂದು ನೀವು ಕೇಳುತ್ತೀರಿ. ನಮ್ಮ ಮಾಸ್ತರರು ಒಂಬತ್ತರ ತಾಳೆ ಕಲಿಸಿದ್ದರು. ಯಾವ ಸಂಖ್ಯೆಯಾದರೂ ಸರಿ, ಅದರ ಅಂಕಿಗಳನ್ನು ಕೂಡಿಸಬೇಕು. ಮೊತ್ತ ಒಂಬತ್ತು, ಹದಿನೆಂಟು, ಇಪ್ಪತ್ತೇಳು ಹೀಗೆ ಒಂಬತ್ತರ ಮಗ್ಗಿಯಲ್ಲಿ ಬಂದರೆ ಆ ಸಂಖ್ಯೆಯನ್ನು ಒಂಬತ್ತರಿಂದ ಶೇಷವಿಲ್ಲದೆ ಭಾಗಿಸಬಹುದು. ಬರದಿದ್ದರೆ ತಲೆಕೆಳಗಾಗಿ ನಿಂತರೂ ಆಗುವುದಿಲ್ಲ. ನೂರಾ ಎಂಟರ ಅಂಕಿ ಕೂಡಿಸಿರಿ, ಒಂಬತ್ತು. ಎರಡು ಕಟ್ಟು ಇನ್ನೂರಾ ಹದಿನಾರು, ಎರಡು ಒಂದು ಆರು, ಒಂಬತ್ತು. ಮೂರು ಕಟ್ಟು ಮುನ್ನೂರಾ ಇಪ್ಪತ್ತನಾಲ್ಕು, ಮತ್ತೆ ಒಂಬತ್ತು. ನೂರಾ ಎಂಟರ ಕಟ್ಟುಗಳನ್ನು ಎಷ್ಟೇ ಪೇರಿಸಿದರೂ ಆ ಒಂಬತ್ತು ಬಿಟ್ಟು ಹೋಗುವುದಿಲ್ಲ. ಲಕ್ಷಕ್ಕೆ ಏನಿದೆ? ಒಂದು, ಅದರ ಮುಂದೆ ಐದು ಸೊನ್ನೆ. ಕೂಡಿಸಿದರೆ ಒಂದು. ಒಂಬತ್ತರ ಮನೆ ಬಾಗಿಲಿಗೂ ಅದು ಹೋಗುವುದಿಲ್ಲ.

ಲಕ್ಷ ಬಹಳ ಗರ್ವದ ಸಂಖ್ಯೆ ಎಂದು ಮಾಸ್ತರರು ಹೇಳುತ್ತಿದ್ದರು. ಅದರ ಒಳಗೆ ಇರುವುದು ಎರಡು ಮತ್ತು ಐದು, ಅಷ್ಟೇ. ಐದು ಎರಡುಗಳನ್ನು ಗುಣಿಸಿದರೆ ಮೂವತ್ತೆರಡು, ಐದು ಐದುಗಳನ್ನು ಗುಣಿಸಿದರೆ ಮೂರು ಸಾವಿರದ ನೂರಾ ಇಪ್ಪತ್ತೈದು, ಇವೆರಡನ್ನು ಗುಣಿಸಿದರೆ ಲಕ್ಷ. ಮೂರು ಬಂದರೆ ಒಂದು ಉಳಿಸಿ ಹೊರಗೆ ಹಾಕುತ್ತದೆ. ಏಳು ಬಂದರೆ ಐದು ಉಳಿಸಿ ಕಳಿಸುತ್ತದೆ. ಹನ್ನೊಂದು ಬಂದರೆ ಹತ್ತು ಉಳಿಯುತ್ತದೆ, ಇನ್ನೊಂದೇ ಒಂದು ಇದ್ದರೆ ಸರಿಹೋಗುತ್ತಿತ್ತು, ಕೊಡುವುದಿಲ್ಲ. ಸೊನ್ನೆ ಬಹಳ ಇದ್ದ ಮಾತ್ರಕ್ಕೆ ಲಕ್ಷ ಎಲ್ಲದಕ್ಕೂ ಬಗ್ಗುತ್ತದೆ ಎಂದು ತಿಳಿಯಬೇಡಿ ಎಂದು ಕೈಯಲ್ಲಿ ಕೋಲು ಹಿಡಿದುಕೊಂಡೇ ಹೇಳುತ್ತಿದ್ದರು.

ನಾನು ಬಾಯಿ ತೆರೆದಿದ್ದೆ. ‘ಅಕ್ಕಾರ, ನೂರರ ಕಟ್ಟು ಕಟ್ಟಿದ್ರ...’ ಎನ್ನುವಷ್ಟು ಬಂತು.

‘ನಿನ್ನ ಏಳನೇತ್ತಾ ಲೆಕ್ಕ ನಿನ್ನ ಹತ್ರ ಇರ್ಲಿ. ಹೊಸಿ ಅಂದ್ರ ಹೊಸಿ,’ ಎಂದಳು ನೆಗೆಣ್ಣಿ.

ಹೊಸೆಯಲು ಕುಳಿತೆ. ಇಲ್ಲಿ ನನ್ನ ತಪ್ಪನ್ನೂ ಬರೆಯುತ್ತೇನೆ. ಮರುದಿನ ಹೇಳಬಹುದಿತ್ತು, ಅತ್ತೆಗೆ ಒಬ್ಬಳಿಗೇ ಹೇಳಬಹುದಿತ್ತು. ಒಂಬೈನೂರ ಇಪ್ಪತ್ತೈದು ಕಟ್ಟು ಆದ ಮೇಲೆ ನೂರು ಬಿಡಿ ಬತ್ತಿ ಉಳಿಯುತ್ತವೆ, ಇನ್ನೊಂದು ಕಟ್ಟು ಮಾಡಿದರೆ ಲಕ್ಷದ ಮೇಲೆ ಎಂಟು ಆಗುತ್ತದೆ, ಅದನ್ನೇ ಮಾಡೋಣ ಎಂದು. ಹೇಳಲಿಲ್ಲ. ಸಂಕೋಚ ಅರ್ಧ. ಇನ್ನರ್ಧ, ಕಾರ್ತಿಕದಲ್ಲಿ ಊರ ಹೆಂಗಸರ ಮುಂದೆ ಅವಳ ಸರಿಯಾದ ಲಕ್ಷ ಸರಿಯಾಗದೆ ಅವಳ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ. ಬತ್ತಿ ಹೊಸೆಯುತ್ತ ನಾಲ್ಕು ತಿಂಗಳು ಆ ಆಸೆಯನ್ನು ನಾನು ಸಾಕಿದೆ.

ನಮ್ಮ ಹಿತ್ತಿಲ ಗೋಡೆಯ ಆಚೆ ಅರಳೆ ಹಿಂಜುವ ಪಿಂಜಾರರ ಮನೆ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಗಾದಿ ಹೊಲಿಯುವುದರಲ್ಲಿ ಅವರ ಕೈ ಇನ್ನೊಬ್ಬರಿಗಿಲ್ಲ. ಹಿಂಜಿದ ಅರಳೆ ನಮಗೂ ಬ್ಯಾಡಗಿಗೂ ಅವರೇ ಕೊಟ್ಟರು. ನಾನು ಮನೆ ಕೆಲಸ ಮುಗಿಸಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆಯುತ್ತಿದ್ದೆ. ದಿನಕ್ಕೆ ನಾಲ್ಕು ಕಟ್ಟು. ನಾಲ್ಕು ಕಟ್ಟು ಎಂದರೆ ನಾನೂರ ಮೂವತ್ತೆರಡು ಬತ್ತಿ. ಒಂದೊಂದು ಕಟ್ಟನ್ನೂ ಎಣಿಸಿ, ಬಿಚ್ಚಿ, ಮತ್ತೆ ಎಣಿಸಿ ಕಟ್ಟುತ್ತಿದ್ದೆ. ನಿಮ್ಮವ್ವನ ಹಳೆಯ ನೋಟುಬುಕ್ಕಿನಲ್ಲಿ ಕಟ್ಟಿಗೊಂದು ಗೀಟು ಎಳೆಯುತ್ತಿದ್ದೆ.

ಅರ್ಧ ಲಕ್ಷಕ್ಕೆ, ಐವತ್ತು ಸಾವಿರಕ್ಕೆ, ನೂರಾ ಎಂಟು ಹೊಂದುವುದಿಲ್ಲ. ಐವತ್ತು ಸಾವಿರದ ಅಂಕಿ ಕೂಡಿಸಿದರೆ ಐದು. ನಾನೂರ ಅರವತ್ತೆರಡು ಕಟ್ಟಿಗೆ ನಿಂತರೆ ನೂರಾ ನಾಲ್ಕು ಕಡಿಮೆಯಾಗುತ್ತದೆ. ಆದ್ದರಿಂದ ನಾನು ನಾನೂರ ಅರವತ್ಮೂರು ಕಟ್ಟಿದೆ. ಐವತ್ತು ಸಾವಿರದ ನಾಲ್ಕು ಬತ್ತಿ. ಐದು ಮತ್ತು ನಾಲ್ಕು, ಒಂಬತ್ತು. ತಾಳೆ ಸರಿಬಂತು.

ಆ ನಾನೂರ ಅರವತ್ಮೂರು ಕೂಡ ವಿಚಿತ್ರ ಸಂಖ್ಯೆ. ಬುಟ್ಟಿಗಳಲ್ಲಿ ಸಮನಾಗಿ ತುಂಬಿಡಬೇಕೆಂದು ಎರಡು ಬುಟ್ಟಿ ತೆಗೆದುಕೊಂಡೆ, ಒಂದು ಕಟ್ಟು ಉಳಿಯಿತು. ಮೂರು ಬುಟ್ಟಿಗೂ ಒಂದು ಉಳಿಯಿತು. ಏಳು ಸಾಲು ಮಾಡಿದೆ, ಒಂದು. ಹನ್ನೊಂದು ಸಾಲು, ಮತ್ತೆ ಒಂದು. ಆಮೇಲೆ ಹಟಕ್ಕೆ ಬಿದ್ದು ನೋಟುಬುಕ್ಕಿನಲ್ಲಿ ಭಾಗಾಕಾರ ಮಾಡುತ್ತ ಹೋದೆ. ಇಪ್ಪತ್ತೊಂದರ ತನಕ ನೋಡಿದೆ. ಇಪ್ಪತ್ತೆರಡು ಇಪ್ಪತ್ತೆರಡಲೆ ನಾನೂರ ಎಂಬತ್ತನಾಲ್ಕು, ಅಲ್ಲಿಗೆ ಸಂಖ್ಯೆ ದಾಟಿತು, ಮುಂದೆ ನೋಡುವ ಕೆಲಸವಿಲ್ಲ. ಯಾವುದಕ್ಕೂ ಅದು ಒಡೆಯಲಿಲ್ಲ. ಮನೆಯಲ್ಲಿ ಯಾರೂ ನನ್ನೊಡನೆ ಹೆಚ್ಚು ಮಾತಾಡದ ಆ ತಿಂಗಳುಗಳಲ್ಲಿ ನನಗೆ ಅದೇ ಮಾತುಕತೆ.

ಕಾರ್ತಿಕದ ಕೊನೆಯ ಸೋಮವಾರಕ್ಕೆ ಮೂರು ದಿನ ಇತ್ತು, ಶುಕ್ರವಾರ. ಬ್ಯಾಡಗಿಯ ಕಟ್ಟುಗಳು ಎರಡು ಚೀಲದಲ್ಲಿ ಹಿಂದಿನ ವಾರವೇ ಬಂದಿದ್ದವು. ನೆಗೆಣ್ಣಿ ಅವನ್ನೂ ನನ್ನ ಕಟ್ಟುಗಳನ್ನೂ ಪಡಸಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ ಸುರಿದು ಕಲಸಿ ರಾಶಿ ಮಾಡಿದ್ದಳು, ಬಂದವರಿಗೆ ಕಣ್ಣು ತುಂಬಲಿ ಎಂದು. ಅರಳೆ ಒಂದೇ, ದಾರ ಒಂದೇ. ಯಾವುದು ಯಾರದೆಂದು ಗುರುತಿರಲಿಲ್ಲ.

ಗುಡಿಯ ಅಯ್ಯನವರು ಹೆಂಡತಿಯೊಡನೆ ನೋಡಲು ಬಂದರು. ಆ ತಾಯಿ ಸುಮ್ಮನೆ ಕುಳಿತುಕೊಳ್ಳುವವರಲ್ಲ. ಚಹಾ ಕುದಿಯುವಷ್ಟರಲ್ಲಿ ಒಂದು ಕಟ್ಟು ಬಿಚ್ಚಿ ಮಡಿಲಲ್ಲಿ ಎಣಿಸಿದರು. ನೂರಾ ಒಂದು. ತಪ್ಪಿರಬೇಕೆಂದು ಮತ್ತೆ ಎಣಿಸಿದರು, ಅಷ್ಟೇ. ಇನ್ನೊಂದು ಬಿಚ್ಚಿದರು, ನೂರಾ ಎಂಟು ಇತ್ತು. ಮೂರನೆಯದರಲ್ಲಿ ನೂರಾ ಮೂರು.

ನೆಗೆಣ್ಣಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ಬೆರಳು ಮಾಡಿದಳು. ನನ್ನ ಗಂಡ ಹೋದ, ಇನ್ನೊಬ್ಬರ ಮನೆ ಬೆಳಗುವುದು ನನಗೆ ಬೇಡವಾಗಿದೆ, ಅದಕ್ಕೇ ಕಟ್ಟುಕಟ್ಟಿಗೂ ಕದ್ದಿದ್ದೇನೆ ಎಂದಳು. ಮಗಳ ಹೊಟ್ಟೆಗೆ ಏನಾದರೂ ಆದರೆ ಅದು ನನ್ನ ತಲೆಗೆ ಎಂದಳು. ಆ ಕೊನೆಯ ಮಾತನ್ನು ಅವಳು ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದೇ ನನಗೆ ಇನ್ನೂ ಕೇಳಿಸುತ್ತದೆ.

ನಾನು ಕದ್ದಿಲ್ಲ ಎನ್ನಬೇಕಿತ್ತು. ಚಹಾ ತಟ್ಟೆ ಕೆಳಗಿಟ್ಟು ಹಿತ್ತಿಲಿಗೆ ಹೋದೆ. ತಪ್ಪು ಮಾಡಿದವರೇ ಹಾಗೆ ಎದ್ದು ಹೋಗುತ್ತಾರೆ ಎಂದು ಎಲ್ಲರೂ ತಿಳಿದರು.

ಸಂಜೆಗೆ ಅತ್ತೆ ಕರೆದರು. ನನ್ನ ಅಣ್ಣನಿಗೆ ಫೋನು ಹೋಗಿದೆ, ಐರಣಿಯ ಕಡೆಯ ನಮ್ಮ ಹಳ್ಳಿಯಿಂದ ನಾಳೆ ಬಂದು ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋಗುತ್ತಾನೆ, ಹರಕೆ ಮುಗಿಯುವ ತನಕ ಅಲ್ಲ, ಇನ್ನು ಅಲ್ಲೇ ಎಂದರು. ಅತ್ತೆ ನನ್ನ ಮುಖ ನೋಡದೆ ಹೇಳಿದರು. ನಿಮ್ಮವ್ವ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ನಮ್ಮ ಹಳ್ಳಿಯಲ್ಲಿ ಆಗಲೂ ಏಳರ ಮೇಲೆ ಶಾಲೆ ಇರಲಿಲ್ಲ. ಅಣ್ಣನಿಗೆ ಎರಡು ಕೋಣೆಯ ಮನೆ, ನಾಲ್ಕು ಮಕ್ಕಳು. ಅವನು ಕೆಟ್ಟವನಲ್ಲ. ಆದರೆ ಹತ್ತನೆಯ ತರಗತಿ ನಡುವೆ ಬಿಟ್ಟ ಸೋದರ ಸೊಸೆಯನ್ನು ಮನೆಯಲ್ಲಿ ಕೂರಿಸಿಕೊಂಡವನು ಏನು ಮಾಡುತ್ತಾನೆ? ಮುಂದಿನ ಬೇಸಿಗೆಯೊಳಗೆ ಯಾರಿಗಾದರೂ ಕಟ್ಟುತ್ತಾನೆ. ನಿಮ್ಮವ್ವ ನನ್ನನ್ನು ಒಂದೇ ಮಾತು ಕೇಳಿದಳು, ‘ಅವ್ವಾ, ನನ್ನ ಪರೀಕ್ಷೆ?’ ನಾನು ಮಂಚದ ಕೆಳಗಿನ ಟ್ರಂಕು ಎಳೆದೆ.

ಶನಿವಾರ ಬೆಳಿಗ್ಗೆ ಓಣಿಯ ಹೆಂಗಸರು ಏಳೆಂಟು ಜನ ಪಡಸಾಲೆಯಲ್ಲಿ ನೆರೆದರು. ಏನು ಮಾಡಬೇಕು ಎಂದು ಹೇಳಲು ಅಯ್ಯನವರೂ ಬಂದರು. ಚಾಚಿಯೂ ಬಂದು ಗೋಡೆಗೆ ಒರಗಿ ಕುಳಿತಿದ್ದರು. ನಾನು ಟ್ರಂಕಿನಲ್ಲಿ ಸೀರೆ ಇಡುತ್ತಿದ್ದೆ. ಆ ಕೋಣೆಗೂ ಪಡಸಾಲೆಗೂ ನಡುವೆ ಪರದೆ ಮಾತ್ರ. ಬ್ಯಾಡಗಿಯವರದೂ ತಪ್ಪಿರಬಹುದಲ್ಲ ಎಂದು ಅಯ್ಯನವರ ಹೆಂಡತಿ ಕೇಳಿದರು. ಅದಕ್ಕೆ ನೆಗೆಣ್ಣಿ ಕೊಟ್ಟ ಉತ್ತರ ನನಗೆ ಅಕ್ಷರ ಅಕ್ಷರ ನೆನಪಿದೆ.

‘ನಮ್ಮ ತವರಮನಿಯವ್ರು ಒಂದೊಂದ ಕಟ್ಟೂ ಎಣಿಸ್ಯಾರ್ರೀ. ಎಲ್ಲಾ ನೂರಾ ಎಂಟರ ಕಟ್ಟು, ಒಂದೂ ಬಿಡಿ ಇಲ್ಲ. ಸರಿಯಾಗಿ ಐವತ್ತು ಸಾವಿರ. ಒಂದ್ ಹೆಚ್ಚಿಲ್ಲ, ಒಂದ್ ಕಡಿಮಿಲ್ಲ.’

ನನ್ನ ಕೈಯಲ್ಲಿ ನಿಮ್ಮ ಅಜ್ಜ ತಂದಿದ್ದ ಇಳಕಲ್ಲಿನ ಸೀರೆ ಇತ್ತು. ಅದನ್ನು ಟ್ರಂಕಿನ ಮೇಲೆ ಇಟ್ಟೆ. ನನ್ನಲ್ಲಿ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ತಪ್ಪು ಲೆಕ್ಕ ಕೇಳಿದಾಗ ಮಾಸ್ತರರಿಗೆ ಬರುತ್ತಿದ್ದಂಥದು. ಪರದೆ ಸರಿಸಿ ಹೊರಗೆ ಬಂದು ನಿಂತೆ. ಎಲ್ಲರನ್ನೂ ಬಿಟ್ಟು ಅಯ್ಯನವರ ಕಾಲ ಕಡೆ ನೋಡುತ್ತ ಹೇಳಿದೆ.

‘ನೂರಾ ಎಂಟರಂಗ ಎಣಿಸಿ ಕಟ್ಟಿದವ್ರಿಗೆ ಐವತ್ತು ಸಾವಿರ ಬರಾಂಗಿಲ್ರೀ. ಐವತ್ತು ಸಾವಿರದ ನಾಕು ಬರಬೇಕು, ಇಲ್ಲಾಂದ್ರ ಅದಕ್ಕಿಂತ ನೂರಾ ಎಂಟು ಕಡಿಮಿ ಬರಬೇಕು. ನಡುವ ಮತ್ತೊಂದು ಇಲ್ಲ. ಸರಿಯಾಗಿ ಐವತ್ತು ಸಾವಿರ ಅನ್ನಾವ್ರು ಎಣಿಸಿಲ್ಲ.’

ಇಷ್ಟು ಉದ್ದದ ಮಾತನ್ನು ಆ ಮನೆಯ ಪಡಸಾಲೆಯಲ್ಲಿ ನಾನು ಅದೇ ಮೊದಲು ಆಡಿದ್ದು. ನೆಗೆಣ್ಣಿ ನಕ್ಕಳು. ‘ಕೇಳ್ರಿ, ಸಾಲಿ ಮಾಸ್ತರ್ತಿ ಬಂದ್ಳು. ಲೆಕ್ಕದಾಗ ದೇವ್ರನ್ನೂ ಹಿಡದು ನಿಲ್ಲಸ್ತಾಳ,’ ಎಂದಳು. ಇಬ್ಬರು ಮೂವರು ಅವಳ ಜೊತೆ ನಕ್ಕರು. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ.

ಅಯ್ಯನವರು ನಗಲಿಲ್ಲ. ಪಂಚಾಂಗ ಹಿಡಿದು ತಿಥಿ ನಕ್ಷತ್ರ ಎಣಿಸುವವರು, ಗುಣಾಕಾರ ಭಾಗಾಕಾರದ ಭಯ ಅವರಿಗಿಲ್ಲ. ಪೆನ್ನು ತೆಗೆದು ಯಾವುದೋ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಐವತ್ತು ಸಾವಿರವನ್ನು ನೂರಾ ಎಂಟರಿಂದ ಭಾಗಿಸಿದರು. ಒಮ್ಮೆ ಮಾಡಿ, ಗೀಟು ಹಾಕಿ, ಕೆಳಗೆ ಇನ್ನೊಮ್ಮೆ ಮಾಡಿದರು.

‘ನಾನೂರ ಅರವತ್ತೆರಡು ಕಟ್ಟು ಆಗ್ತಾವು. ನೂರಾ ನಾಕು ಬತ್ತಿ ಬಿಡಿ ಉಳಿತಾವು,’ ಎಂದರು. ‘ಬಿಡಿ ಇಲ್ಲ ಅಂತೀರಿ. ಹಂಗಾದ್ರ ಐವತ್ತು ಸಾವಿರ ಹೆಂಗ್ ಆತು?’

ನೆಗೆಣ್ಣಿ ತನಗೆ ಹೇಳಿದ್ದನ್ನು ತಾನು ಹೇಳಿದೆ ಎಂದಳು. ಲೆಕ್ಕ ಅಂದರೆ ಒಂದೆರಡು ಆಚೀಚೆ ಆಗುತ್ತದೆ ಎಂದಳು. ಆಗ ಅತ್ತೆ ಮೊದಲ ಸಲ ಬಾಯಿ ಬಿಟ್ಟರು. ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ ಒಂದು ನಿಮಿಷದ ಹಿಂದೆ ‘ಒಂದ್ ಹೆಚ್ಚಿಲ್ಲ, ಒಂದ್ ಕಡಿಮಿಲ್ಲ’ ಎಂದವಳು ಈಗ ಆಚೀಚೆ ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಬ್ಯಾಡಗಿಗೆ ಫೋನು ಹಚ್ಚು ಎಂದರು. ಆಮೇಲೆ ಹಚ್ಚುತ್ತೇನೆ ಎಂದಳು ನೆಗೆಣ್ಣಿ. ಈಗಲೇ ಹಚ್ಚು ಎಂದರು.

ಮನೆಯ ಫೋನು ಪಡಸಾಲೆಯ ಗೂಡಿನಲ್ಲೇ ಇತ್ತು. ಆ ಕಡೆ ಎತ್ತಿದವಳು ನೆಗೆಣ್ಣಿಯ ತಮ್ಮನ ಹೆಂಡತಿ. ಗಟ್ಟಿ ಗಂಟಲಿನ ಹೆಂಗಸು, ಅವಳ ಮಾತು ರಿಸೀವರಿನಿಂದ ಹೊರಗೆಲ್ಲ ಕೇಳುತ್ತಿತ್ತು. ಎಣಿಸಿದಿರೇನು ಎಂದು ನೆಗೆಣ್ಣಿ ಕೇಳುವ ಮೊದಲೇ ಅತ್ತೆ ರಿಸೀವರು ಕಸಿದುಕೊಂಡು ತಾವೇ ಕೇಳಿದರು.

‘ಅಷ್ಟ್ ಯಾರು ಎಣಿಸ್ತಾರ್ರೀ ಅತ್ಯಾರ? ಕಾಟಾ ಐತೆಲ್ಲ ಮನ್ಯಾಗ,’ ಎಂದು ಆಕೆ ಸಂತೋಷದಿಂದಲೇ ಹೇಳಿದಳು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆ. ಅಲ್ಲಿ ಎಲ್ಲವೂ ತಕ್ಕಡಿಯ ಮೇಲೆ. ಕಾಯಿ ಎಣಿಸಿ ಮಾರಿದವರು ಯಾರಿದ್ದಾರೆ? ಆಷಾಢದಲ್ಲಿ, ಆ ವರ್ಷ ತಡವಾದ ಮಳೆ ಹಿಡಿಯುವ ಮೊದಲು, ಒಂದು ಕಟ್ಟನ್ನು ಸರಿಯಾಗಿ ನೂರಾ ಎಂಟು ಎಣಿಸಿ ಕಾಟಾದಲ್ಲಿ ಇಟ್ಟು ತೂಕ ಬರೆದುಕೊಂಡಿದ್ದರು. ಅದರಿಂದ ಐವತ್ತು ಸಾವಿರಕ್ಕೆ ಎಷ್ಟು ತೂಕ ಎಂದು ಗುಮಾಸ್ತನಿಂದ ಲೆಕ್ಕ ಹಾಕಿಸಿಕೊಂಡಿದ್ದರು. ಆಮೇಲೆ ಹೊಸೆದ ಬತ್ತಿಯನ್ನೆಲ್ಲ ಆ ಮೊದಲ ಕಟ್ಟಿನ ತೂಕಕ್ಕೆ ತೂಗಿ ತೂಗಿ ಕಟ್ಟಿದ್ದರು. ಸರಿಯಾದ ಐವತ್ತು ಸಾವಿರ ಎನ್ನುವುದು ತಕ್ಕಡಿ ಹೇಳಿದ ಮಾತು, ಬೆರಳು ಹೇಳಿದ್ದಲ್ಲ.

ಚಾಚಿ ಗೋಡೆಯ ಹತ್ತಿರದಿಂದ ನಕ್ಕರು. ಅವರ ನಗುವಿನಲ್ಲಿ ವಿಷ ಇರಲಿಲ್ಲ, ಅದಕ್ಕೇ ಅದು ಹೆಚ್ಚು ತಾಗಿತು. ‘ಅರಳಿ ನೀರು ಕುಡಿತೈತ್ರೀ ಅವ್ವಾರ. ಶ್ರಾವಣದಾಗ ಗಾದಿ ತೂಗಿ ನೋಡ್ರಿ, ಬ್ಯಾಸಗಿಯಾಗ ತೂಗಿ ನೋಡ್ರಿ. ಮೆಣಸಿನಕಾಯಿಗೆ ಹಸಿ ಅಂತ ತೂಕ ಕಡಿತಾರ. ಬತ್ತಿಗೆ ಕಡಿಲಿಲ್ಲಾ?’

ಮಳೆ ಹಿಡಿಯುವ ಮೊದಲಿನ ಒಣ ಬತ್ತಿಯ ತೂಕ, ಮಳೆಗಾಲದ ತೇವದ ಬತ್ತಿ. ಬತ್ತಿಯೊಂದು ಭಾರವಾದರೆ ಅದೇ ತೂಕಕ್ಕೆ ಕಡಿಮೆ ಬತ್ತಿ ಬರುತ್ತವೆ. ಹೊರಗಿನ ರೈತರು ತಂದ ಕಾಯಿಯಲ್ಲಿ ತೇವವನ್ನು ಮೂಗಿನಿಂದ ಹಿಡಿಯುವ ಮನೆಯವರಿಗೆ ತಮ್ಮ ಮಡಿಲಿನ ಅರಳೆಯಲ್ಲಿ ಇದ್ದದ್ದು ತಿಳಿಯಲಿಲ್ಲ.

ಆಮೇಲೆ ರಾಶಿಯನ್ನೆಲ್ಲ ಎಣಿಸಲೇಬೇಕಾಯಿತು. ಅಷ್ಟೂ ಹೆಂಗಸರು, ಅಯ್ಯನವರು, ಚಾಚಿ, ನಿಮ್ಮವ್ವ, ಎಲ್ಲರೂ ಕುಳಿತರು. ಒಂಬೈನೂರ ಇಪ್ಪತ್ತಾರು ಕಟ್ಟು. ತೊಂಬತ್ತೊಂಬತ್ತು ಇದ್ದವು ಸಿಕ್ಕವು, ನೂರು ಇದ್ದವು, ನೂರಾ ಮೂರು ಇದ್ದವು. ಪೂರಾ ನೂರಾ ಎಂಟು ಇದ್ದ ಕಟ್ಟುಗಳು ನಾನೂರ ಅರವತ್ತನಾಲ್ಕು. ನನ್ನವು ನಾನೂರ ಅರವತ್ಮೂರು. ಉಳಿದ ಆ ಒಂದು, ಬ್ಯಾಡಗಿಯವರು ಎಣಿಸಿ ತೂಗಿದ ಮೊದಲ ಕಟ್ಟು. ಒಟ್ಟು ಕೊರತೆ ಲಕ್ಷಕ್ಕೆ ಮೂರು ಸಾವಿರದ ಹತ್ತು. ಎಲ್ಲ ಕಟ್ಟೂ ನೂರಾ ಎಂಟು ಆಗಬೇಕಾದರೆ ಮೂರು ಸಾವಿರದ ಹದಿನೆಂಟು. ಲಕ್ಷದ ಎಂಟು ಆದರೆ ದೇವರೇನೂ ಬೇಡ ಎನ್ನುವುದಿಲ್ಲ ಎಂದರು ಅಯ್ಯನವರು.

ನೀವು ತಿಳಿದುಕೊಂಡಿರಬಹುದು, ಆಗ ನೆಗೆಣ್ಣಿ ಬಂದು ನನ್ನ ಕೈ ಹಿಡಿದಳು ಎಂದು. ಇಲ್ಲ. ಮನೆಯ ಮಾತನ್ನು ಹತ್ತು ಜನರ ಮುಂದೆ ಬಯಲಿಗೆ ಇಟ್ಟವಳು ನಾನು, ಬಸುರಿಯ ಹರಕೆಗೆ ಲೆಕ್ಕದ ಕಣ್ಣು ಹಾಕಿದವಳು ನಾನು ಎಂದಳು. ಅದೇ ನಿಮಗೆ ಬಂದು ಮುಟ್ಟಿದ ಕಥೆ. ಆಮೇಲೆ ಸಹಜವಾಗಿ, ಒಲೆ ಹಚ್ಚು ಎನ್ನುವ ದನಿಯಲ್ಲೇ, ಉಳಿದ ಮೂರು ಸಾವಿರ ನೀನು ಹೊಸೆದು ಕೊಡು ಎಂದಳು, ನಿನ್ನ ಕೈ ಲಗೂ ಓಡುತ್ತದೆ ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಹೊಸೆದುಬಿಟ್ಟರೆ ಒಳ್ಳೆಯವಳು ಎನ್ನಿಸಿಕೊಳ್ಳುತ್ತಿದ್ದೆ. ನನಗೆ ಆ ಹೊತ್ತಿಗೆ ಒಳ್ಳೆಯವಳು ಎನ್ನಿಸಿಕೊಳ್ಳುವುದು ಬೇಕಿರಲಿಲ್ಲ.

‘ನಾ ಟ್ರಂಕ್ ಕಟ್ಟಾಕತ್ತೇನ್ರಿ ಅಕ್ಕಾರ. ನಮ್ಮಣ್ಣ ಬರ್ತಾನ,’ ಎಂದೆ.

ಮಧ್ಯಾಹ್ನದ ಬಸ್ಸಿಗೆ ಅಣ್ಣ ಬಂದ. ಕಂಕುಳಲ್ಲಿ ಒಂದು ಖಾಲಿ ಗೋಣಿಚೀಲ ಮಡಚಿಕೊಂಡಿದ್ದ, ನಮ್ಮ ಪಾತ್ರೆ ಪಗಡೆ ತುಂಬಲು. ಪಡಸಾಲೆ ತುಂಬ ಬತ್ತಿಯ ನಡುವೆ ಕುಳಿತ ಹೆಂಗಸರನ್ನು ನೋಡಿ ಹೊಸ್ತಿಲ ಹೊರಗೇ ನಿಂತ. ಅವನ ಮುಖದಲ್ಲಿ ನಾಚಿಕೆ ಇತ್ತು, ನಮ್ಮನ್ನು ಎಲ್ಲಿ ಮಲಗಿಸಲಿ ಎನ್ನುವ ಚಿಂತೆಯೂ ಇತ್ತು. ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಹಳ ಹೊತ್ತು ನೆಗೆಣ್ಣಿಯನ್ನು ನೋಡಿದರು. ಅವರ ಲೆಕ್ಕ ನನಗೆ ತಿಳಿಯುತ್ತಿತ್ತು. ನಾನು ಹೋದರೆ ನಾಳೆಯಿಂದ ಒಲೆ ಯಾರದು, ಓಣಿಯವರು ಏನೆನ್ನುತ್ತಾರೆ. ಪ್ರೀತಿಯಿಂದ ಇಟ್ಟುಕೊಂಡರು ಎಂದು ನಾನು ಎಂದೂ ಭ್ರಮಿಸಲಿಲ್ಲ.

‘ಬಾರಪ್ಪಾ, ಉಂಡ್ ಹೋಗು,’ ಎಂದರು. ‘ಹುಡುಗಿ ಪರೀಕ್ಷೆ ಐತಿ. ಅವ್ರು ಎಲ್ಲೂ ಬರಾಂಗಿಲ್ಲ.’ ಆಮೇಲೆ ನೆಗೆಣ್ಣಿಗೆ, ‘ಹರಕಿ ನಿಂದು. ಬೆರಳಿಗೆ ಇಬತ್ತಿ ಹಚ್ಕೋ,’ ಎಂದರು.

ಅಣ್ಣ ಎರಡು ರೊಟ್ಟಿ ಹೆಚ್ಚಿಗೇ ಉಂಡು, ಖಾಲಿ ಚೀಲ ಮತ್ತೆ ಕಂಕುಳಲ್ಲಿಟ್ಟು ಮೂರರ ಬಸ್ಸಿಗೆ ಒಬ್ಬನೇ ಹೋದ.

ನೆಗೆಣ್ಣಿ ಶನಿವಾರ ಸಂಜೆ ಕುಳಿತಳು, ಭಾನುವಾರ ಪೂರ್ತಿ ಕುಳಿತಳು. ಬತ್ತಿ ಹೊಸೆದು ರೂಢಿಯಿಲ್ಲದ ಕೈ, ಬೆರಳ ತುದಿಗಳು ಕೆಂಪಾಗಿ ಸುಲಿದವು. ಬ್ಯಾಡಗಿಯಿಂದ ಅವಳ ತಮ್ಮನ ಹೆಂಡತಿಯೂ ಬಂದು ಕೂಡಿಕೊಂಡಳು. ಕೊರತೆಯ ಕಟ್ಟು ಬಿಚ್ಚುವುದು, ಹೊಸ ಬತ್ತಿ ಸೇರಿಸುವುದು, ಎಣಿಸುವುದು. ಎಣಿಸುವ ಕೆಲಸವನ್ನು ಅತ್ತೆ ನನಗೆ ಕೊಟ್ಟರು, ಬೇರೆಯವರನ್ನು ಈಗ ಯಾರೂ ನಂಬುತ್ತಿರಲಿಲ್ಲ. ನಾನು ಅವಳ ಎದುರಿಗೇ ಕುಳಿತು ಎಣಿಸಿದೆ. ಮನಸ್ಸಿನಲ್ಲಿ ಎಣಿಸಬಹುದಿತ್ತು. ಬಾಯಿಂದ ಎಣಿಸಿದೆ, ಒಂದೊಂದಾಗಿ, ನಿಧಾನವಾಗಿ. ಅಷ್ಟು ಗಟ್ಟಿಯಾಗಿ ನನ್ನ ದನಿಯನ್ನು ನಾನೇ ಕೇಳಿರಲಿಲ್ಲ. ಮರುಕ ಬಂತೇ ಎಂದರೆ ಬರಲಿಲ್ಲ. ಹಾವೇರಿಯ ಹುಡುಗಿ ನೆನಪಾದಳು, ಅವಳಿಗೋಸ್ಕರ ಒಂದನ್ನೂ ತಪ್ಪಿಸದೆ ಎಣಿಸಿದೆ. ಅವಳಿಗೆ ಮಾಘದಲ್ಲಿ ಗಂಡು ಮಗು ಆಯಿತು, ಆರೋಗ್ಯವಾಗಿದ್ದಾನೆ, ನಿಮಗೆ ಅವನು ಅಣ್ಣ.

ಸೋಮವಾರ ಬೆಳಿಗ್ಗೆ ಕೊನೆಯ ಕಟ್ಟು. ನೆಗೆಣ್ಣಿ ಹೊಸೆದ ಬತ್ತಿಗಳನ್ನು ನನ್ನ ಮುಂದೆ ಸರಿಸಿ, ಮುಗಿಯಿತು ಎನ್ನುವಂತೆ ಸೊಂಟ ಹಿಡಿದು ಏಳಲು ಹೋದಳು. ನಾನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

‘ನೂರಾ ಏಳು ಆತ್ರಿ. ಇನ್ನೊಂದು ಬೇಕು,’ ಎಂದೆ.

ಅವಳು ನನ್ನನ್ನು ನೋಡಿದ ನೋಟ ಎಂಥದೆಂದರೆ, ಆ ಮನೆಯಲ್ಲಿ ಮುಂದೆ ನಾನಿದ್ದ ಒಂಬತ್ತು ವರ್ಷವೂ ಅದು ಬದಲಾಗಲಿಲ್ಲ. ಮತ್ತೆ ಕುಳಿತು ಅರಳೆಗೆ ಕೈ ಹಾಕಿದಳು. ನಿಮ್ಮವ್ವ ಜಡೆ ಹೆಣೆದುಕೊಂಡು, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಒಳಗಿನಿಂದ ಬಂದಳು. ಕಟ್ಟುಗಳನ್ನು ತುಳಿಯಬಾರದೆಂದು ಗೋಡೆಯ ಬದಿಯಿಂದ ಹೆಜ್ಜೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋದಳು.